ನೂಲು ಕಾಣುವ ಮಾಯೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಸಿನಿಮಾದ ಮಳೆ ತೋರಿಸಿ ನಂಬಿಸುವುದು ಸ್ವಲ್ಪ ಕಷ್ಟದ ಕೆಲಸ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ನಮ್ಮ ನೆರೆಯ ಊರು. ವರ್ಷದ ನಾಲ್ಕು ತಿಂಗಳು ಕೊಡೆ ಇಲ್ಲದೆ ಅಂಗಳಕ್ಕಿಳಿಯದ ಜನ ನಾವು. ಪರದೆಯ ಮೇಲೆ ನಾಯಕಿ ಮಳೆಯಲ್ಲಿ ನೆನೆಯುತ್ತಿದ್ದರೆ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು "ನೆರಳು ನೋಡಿ ಮಾರಾಯ್ರೆ, ಬಿಸಿಲಲ್ಲಿ ಮಳೆ!" ಎಂದು ಕೂಗುವುದಿತ್ತು. ನಾಯಕಿಯ ತಲೆಯ ಮೇಲೆ ಧೋ ಎಂದು ಸುರಿಯುತ್ತಿದ್ದರೂ ಹತ್ತು ಮಾರು ಆಚೆಯ ಮರದ ಎಲೆ ಒಣಗಿಯೇ ಇರುತ್ತಿತ್ತು. ತೂತು ಕೊರೆದ ಪೈಪುಗಳನ್ನು ಮೇಲೆ ಕಟ್ಟಿ, ಟ್ಯಾಂಕರಿನಿಂದ ನೀರು ಹಾಯಿಸಿ ಮಾಡಿದ ಮಳೆ ಅದು. ನಿಜವಾದ ಮಳೆ ಕ್ಯಾಮೆರಾಕ್ಕೆ ಅಷ್ಟು ಸುಲಭದಲ್ಲಿ ಕಾಣುವುದಿಲ್ಲ. ಹನಿಯ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಅದು ಬೆಳ್ಳಿಯ ಗೆರೆಯಾಗಿ ಮೂಡುತ್ತದೆ. ಆದ್ದರಿಂದ ಸುಳ್ಳು ಮಳೆಯೇ ಸಿನಿಮಾದಲ್ಲಿ ಹೆಚ್ಚು ನಿಜವಾಗಿ ಕಾಣುತ್ತದೆ. ಇದೆಲ್ಲ ಗೊತ್ತಿಲ್ಲದಿದ್ದರೂ ಅದು ಪೈಪಿನ ನೀರು ಎಂಬುದಂತೂ ನಮಗೆ ಗೊತ್ತಿತ್ತು. ಆದರೆ ಆ ಕಾರಣಕ್ಕೆ ಟೆಂಟಿನಿಂದ ಎದ್ದು ಹೋದವರನ್ನು ನಾನು ಕಂಡಿಲ್ಲ.

ಹೌದು, ಟೆಂಟು. ಯಕ್ಷಗಾನ ಮೇಳಗಳ ಹಾಗೆಯೇ ಟೂರಿಂಗ್ ಟಾಕೀಸಿಗೂ ನಮ್ಮಲ್ಲಿ ಋತು ಇತ್ತು. ಮಳೆ ಹಿಂದೆ ಸರಿದು ಗದ್ದೆ ಕೊಯ್ಲು ಮುಗಿಯುವ ಹೊತ್ತಿಗೆ ಬರುತ್ತಿತ್ತು, ಮುಂಗಾರಿನ ಮೊದಲ ಗುಡುಗಿಗೆ ಗೂಟ ಕೀಳುತ್ತಿತ್ತು. ನನ್ನ ಮಾಮ ಅಂಥ ಟೆಂಟೊಂದರಲ್ಲಿ ಆಪರೇಟರ್ ಆಗಿದ್ದರು. ಅಡಿಕೆ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದ ಬ್ಯಾರಿಗಳ ಮನೆಯಲ್ಲಿ ಇದು ಹೇಳಿಕೊಳ್ಳುವಂಥ ಉದ್ಯೋಗವಾಗಿರಲಿಲ್ಲ. ಮದುವೆ ಮಾತುಕತೆಗೆ ಬಂದವರು ಕೇಳಿದರೆ ಅಜ್ಜ "ಅವನಿಗೆ ಮೆಷಿನಿನ ಕೆಲಸ" ಎನ್ನುತ್ತಿದ್ದರು. ಸುಳ್ಳೇನೂ ಅಲ್ಲ. ಕಾರ್ಬನ್ ಕಡ್ಡಿಗಳೆರಡನ್ನು ಸರಿಯಾದ ಅಂತರದಲ್ಲಿ ಹಿಡಿದು ಉರಿಸುವುದು, ರೀಲು ಬದಲಿಸುವುದು, ಸುತ್ತುವುದು, ಹರಿದಾಗ ಅಂಟಿಸುವುದು – ಎಲ್ಲವೂ ಮೆಷಿನಿನ ಕೆಲಸವೇ. ಇದ್ದದ್ದು ಒಂದೇ ಪ್ರೊಜೆಕ್ಟರ್ ಆದ್ದರಿಂದ ಒಂದು ಸಿನಿಮಾಕ್ಕೆ ಹಲವು ಇಂಟರ್‌ವಲ್. ಅದರಿಂದ ಕಡಲೆಕಾಯಿ ಮಾರುವವನಿಗೆ ಲಾಭ.

ಫಿಲ್ಮ್ ಹರಿದರೆ ಮಾಮ ಬ್ಲೇಡಿನಿಂದ ಅದರ ತುದಿಯನ್ನು ಕೆರೆದು, ಮೂಗಿಗೆ ಹೊಡೆಯುವ ವಾಸನೆಯ ಸಿಮೆಂಟು ಸವರಿ, ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದರು. ಅದಕ್ಕೆ 'ಜಾಯಿಂಟ್' ಎಂದು ಹೆಸರು. ಜಾಯಿಂಟಿಗಾಗಿ ಕತ್ತರಿಸಿ ಎಸೆದ ತುಂಡುಗಳೆಲ್ಲ ನಮಗೆ. ಸುಟ್ಟುಹೋದ ಬಲ್ಬಿನ ಬುಡ ಬಿಚ್ಚಿ, ಒಳಗೆ ನೀರು ತುಂಬಿ, ಕನ್ನಡಿಯಿಂದ ಕೋಣೆಯೊಳಗೆ ಬಿಸಿಲು ಬಿಟ್ಟರೆ ಗೋಡೆಯ ಮೇಲೆ ರಾಜ್‌ಕುಮಾರ್ ಮೂಡುತ್ತಿದ್ದರು, ಕೆಲವೊಮ್ಮೆ ತಲೆಕೆಳಗಾಗಿ. ಈ ಆಟ ಆಡದ ನನ್ನ ಓರಗೆಯವರು ಕಡಿಮೆ.

ಒಮ್ಮೆ ಸಿಕ್ಕಿದ ತುಂಡಿನಲ್ಲಿ ಒಬ್ಬ ಋಷಿ ಮಾಯವಾಗುವ ದೃಶ್ಯವಿತ್ತು. ಒಂದು ಚೌಕದಲ್ಲಿ ಋಷಿ ಕೈ ಎತ್ತಿ ನಿಂತಿದ್ದಾನೆ. ಮುಂದಿನ ಚೌಕದಲ್ಲಿ ಬರೀ ಮರ. ಪರದೆಯ ಮೇಲೆ ಇಡೀ ಟೆಂಟನ್ನು ಬೆರಗುಗೊಳಿಸಿದ್ದ ಪವಾಡ ನನ್ನ ಎರಡು ಬೆರಳುಗಳ ನಡುವೆ ಇತ್ತು. ಎರಡೂ ಚೌಕಗಳನ್ನು ಮತ್ತೆ ಮತ್ತೆ ನೋಡಿದೆ. ಋಷಿ ಹೋದದ್ದಷ್ಟೇ ಅಲ್ಲ, ಮರದ ಕೊಂಬೆಯೂ ಸ್ವಲ್ಪ ಸರಿದಿತ್ತು. ಅಂದರೆ ಕ್ಯಾಮೆರಾ ನಿಂತಿದೆ, ನಟ ನಡೆದು ಹೊರಗೆ ಹೋಗಿದ್ದಾನೆ, ಅಷ್ಟರಲ್ಲಿ ಗಾಳಿ ಬೀಸಿದೆ, ಕ್ಯಾಮೆರಾ ಮತ್ತೆ ಓಡಿದೆ. ಸೆಕೆಂಡಿಗೆ 24 ಚೌಕಗಳು ಓಡುವಾಗ ಆ ಕೊಂಬೆಯನ್ನು ಯಾರು ನೋಡುತ್ತಾರೆ? ಫ್ರಾನ್ಸಿನ ಜಾದೂಗಾರ ಜಾರ್ಜ್ ಮೆಲಿಯೆ 1896ರ ಸುಮಾರಿಗೆ ಬಳಸತೊಡಗಿದ ತಂತ್ರವಿದು ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ನಮ್ಮ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ'ಕ್ಕೆ (1913) ಹಣ ಹೊಂದಿಸಲು ಮೊದಲು ಮಾಡಿ ತೋರಿಸಿದ್ದು ದೇವರ ಚಿತ್ರವನ್ನಲ್ಲ, ಬಟಾಣಿ ಕಾಳೊಂದು ಮೊಳೆತು ಗಿಡವಾಗುವುದನ್ನು. ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಚಿತ್ರೀಕರಿಸಿ ಕಾಲವನ್ನು ಕುಗ್ಗಿಸಿದ್ದರು.

ಆ ತುಂಡು ಸಿಕ್ಕಿದ ಮೇಲೆ ನನಗೆ ಸಿನಿಮಾದ ಮೇಲಿನ ಬೆರಗು ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಹೆಚ್ಚಾಯಿತು.

'ಬಭ್ರುವಾಹನ' (1977) ನಮ್ಮ ಟೆಂಟಿಗೆ ಬರುವಾಗ ಅದು ತೆರೆಕಂಡು ಕೆಲವು ವರ್ಷಗಳೇ ಕಳೆದಿದ್ದವು. ಹುಣಸೂರು ಕೃಷ್ಣಮೂರ್ತಿಯವರ ಚಿತ್ರ. ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಇಬ್ಬರೂ ಎದುರುಬದುರು ನಿಂತು ಮಾತಿಗೆ ಮಾತು ಕೊಡುವಾಗ ದೊಡ್ಡವರು ಶಿಳ್ಳೆ ಹೊಡೆಯುತ್ತಿದ್ದರೆ, ನಾವು ಹುಡುಗರು ನೆಲದಲ್ಲಿ ಕುಳಿತು ಪರದೆಯ ಮಧ್ಯದ ಗೆರೆಯನ್ನು ಹುಡುಕುತ್ತಿದ್ದೆವು. ಆ ಕಾಲದ ದ್ವಿಪಾತ್ರದ ಲೆಕ್ಕವನ್ನು ಮಾಮ ಹೇಳಿಕೊಟ್ಟಿದ್ದರು: ಲೆನ್ಸಿನ ಅರ್ಧಭಾಗವನ್ನು ಕಪ್ಪು ರಟ್ಟಿನಿಂದ ಮುಚ್ಚಿ ಒಂದು ಪಾತ್ರದ ಚಿತ್ರೀಕರಣ. ನಂತರ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನೊಂದು ಅರ್ಧ ಮುಚ್ಚಿ, ಇನ್ನೊಂದು ವೇಷದಲ್ಲಿ ಮತ್ತೆ. ಅಷ್ಟು ಹೊತ್ತೂ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ನಟ ಗೆರೆ ದಾಟಬಾರದು, ದಾಟಿದರೆ ಕೈಯೇ ಮಾಯ. ಎಲ್ಲಕ್ಕಿಂತ ಮುಖ್ಯವಾಗಿ, ಎದುರಿಗೆ ಯಾರೂ ಇಲ್ಲದ ಜಾಗವನ್ನು ನೋಡಿ ಸಿಟ್ಟಾಗಬೇಕು, ತನಗೆ ತಾನೇ ಉತ್ತರ ಕೊಡಬೇಕು. ಇದನ್ನು ತಿಳಿದು ನೋಡಿದವನಿಗೆ ರಾಜ್‌ಕುಮಾರ್ ಇನ್ನೂ ದೊಡ್ಡ ನಟನಾಗಿಯೇ ಕಾಣುತ್ತಾರೆ. ಗೆರೆ ಒಂದೆರಡು ಕಡೆ ಕಂಡಿತು ಎಂದು ನನ್ನ ನೆನಪು. ಕಾಣಲಿಲ್ಲ ಎಂದು ತಮ್ಮನ ವಾದ. ಆ ಜಗಳ ಇಂದಿಗೂ ತೀರಿಲ್ಲ.

ಹೀಗೆ ಹುಡುಕುವ ಕೆಲಸವನ್ನು ಆ ಚಿತ್ರಗಳೇ ನಮಗೆ ಕೊಡುತ್ತಿದ್ದವು ಎನಿಸುತ್ತದೆ. 'ಮಾಯಾಬಜಾರ್'ನಲ್ಲಿ (1957) ಎಸ್.ವಿ. ರಂಗರಾವ್ ಅವರ ಘಟೋತ್ಕಚ ಕುಳಿತಲ್ಲೇ ಕುಳಿತಿರುತ್ತಾನೆ, ಲಾಡುಗಳು ತಾವಾಗಿ ಹಾರಿ ಬಾಯಿಗೆ ಬೀಳುತ್ತವೆ. ದಾರ ಕಟ್ಟಿದ್ದಾರೆಂದು ಒಬ್ಬ, ಫಿಲ್ಮನ್ನು ಉಲ್ಟಾ ಓಡಿಸಿದ್ದಾರೆಂದು ಇನ್ನೊಬ್ಬ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆಯ ಹೆಸರು ನಮಗೆ ಆಗ ಗೊತ್ತಿರಲಿಲ್ಲ, ಆದರೆ ಶಾಲೆಗೆ ಹೋಗುವ ದಾರಿಯುದ್ದಕ್ಕೂ ನಮ್ಮ ತಲೆ ತಿಂದವರು ಅವರೇ. ಮುಂಬಯಿಯಲ್ಲಿ ಬಾಬುಭಾಯಿ ಮಿಸ್ತ್ರಿ ಎಂಬವರಿದ್ದರು. 'ಖ್ವಾಬ್ ಕಿ ದುನಿಯಾ' (1937) ಚಿತ್ರದಲ್ಲಿ ಅದೃಶ್ಯ ಮನುಷ್ಯನನ್ನು ತೋರಿಸಬೇಕಾದಾಗ ಅವರು ಹಿಂದೆ ಕಪ್ಪು ಪರದೆ ಇಳಿಬಿಟ್ಟು, ವಸ್ತುಗಳಿಗೆ ಕರಿ ನೂಲು ಕಟ್ಟಿ ಎಳೆದರು. ಅಂದಿನಿಂದ ಅವರಿಗೆ 'ಕಾಲಾ ಧಾಗಾ' ಎಂಬ ಅಡ್ಡಹೆಸರೇ ಬಿತ್ತು. ದೊಡ್ಡ ದೊಡ್ಡ ಪದವಿಗಳಿಗಿಂತ ಈ ಹೆಸರು ನನಗೆ ಇಷ್ಟ. ಮಾಡಿದ ಮಾಯೆಗೆ ಬಳಸಿದ ನೂಲೇ ಮನುಷ್ಯನ ಹೆಸರಾಗಿಬಿಟ್ಟದ್ದು.

ಈ ಮಾತನ್ನು ಇನ್ನಷ್ಟು ಚೆನ್ನಾಗಿ ಹೇಳಿಕೊಡುವುದು ಯಕ್ಷಗಾನ. ಘಟ್ಟದ ಕೆಳಗಿನ ಮೇಳಗಳು ಪತ್ತನಾಜೆಗೆ ಮೊದಲು ನಮ್ಮ ಕಡೆಗೂ ತಿರುಗಾಟ ಬರುತ್ತವೆ. ಶೃಂಗೇರಿ ಸಮೀಪದ ಒಂದು ಬಯಲಾಟದಲ್ಲಿ ನಾನೂ ಪಕ್ಕದ ಮನೆಯ ಹೆಗ್ಡೆಯವರ ಮಗನೂ ಸಂಜೆಯಿಂದಲೇ ಚೌಕಿಯ ಬಾಗಿಲಲ್ಲಿ ಕುಳಿತಿದ್ದೆವು. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟಿನಿಂದ ಮುಖಕ್ಕೆ ಚಿಟ್ಟಿ ಇಡುತ್ತಿದ್ದರು. ಒಂದೊಂದೇ ಚುಕ್ಕೆ. ಗಂಟೆಗಟ್ಟಲೆಯ ಕೆಲಸ. ನಡುವೆ ನಮ್ಮನ್ನು ನೋಡಿ "ನಿದ್ದೆ ಬರಲಿಲ್ಲವೋ ಮಕ್ಕಳೇ?" ಎಂದು ಕೇಳಿದ್ದರು ಕೂಡ. ಅದೇ ಮನುಷ್ಯ ನಡುರಾತ್ರಿಯ ಮೇಲೆ ರಾಕ್ಷಸನಾಗಿ ಸಭೆಯ ಹಿಂದಿನಿಂದ ಅಬ್ಬರಿಸುತ್ತಾ ಬಂದರು. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಆಳೆತ್ತರಕ್ಕೆ ಭುಗ್ಗೆಂದಿತು. ಆ ಮುಖಕ್ಕೆ ಎಷ್ಟು ಚುಕ್ಕೆ ಬಿದ್ದಿವೆ ಎಂದು ನೋಡಿದ್ದ ನಾವಿಬ್ಬರೂ ಹೆದರಿ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡಿದ್ದೆವು. ರಾಳ ಯಾವ ಡಬ್ಬದಲ್ಲಿತ್ತೆಂಬುದೂ ನಮಗೆ ಗೊತ್ತಿತ್ತು. ಗೊತ್ತಿರುವುದಕ್ಕೂ ಹೆದರುವುದಕ್ಕೂ ಯಾವ ವಿರೋಧವೂ ಇಲ್ಲ.

ಮಾಯೆಗೆ ಉಪಕರಣವೇ ಬೇಕೆಂದೂ ಇಲ್ಲ. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣವಾದ 'ಸಂಸ್ಕಾರ'ದಲ್ಲಿ (1970) ಅಗ್ರಹಾರದ ನಡುವೆ ಹೆಣವೊಂದು ಕೊಳೆಯುತ್ತದೆ. ವಾಸನೆಯನ್ನು ಯಾವ ಕ್ಯಾಮೆರಾ ಹಿಡಿಯುತ್ತದೆ? ಆದರೂ ಮೂಗು ಮುಚ್ಚಿಕೊಳ್ಳಬೇಕೆನಿಸುತ್ತದೆ. (ಅನಂತಮೂರ್ತಿಯವರ ಆ ಕತೆಯಲ್ಲಿ ಕೊನೆಗೆ ಹೆಣ ಸುಡಲು ಚಂದ್ರಿಗೆ ನೆರವಾಗುವವನು ಮೀನಿನ ವ್ಯಾಪಾರದ ಒಬ್ಬ ಬ್ಯಾರಿ ಎಂಬುದನ್ನು ನಮ್ಮ ಕಡೆಯವರು ಮರೆಯುವುದಿಲ್ಲ.) ಸ್ಪೀಲ್‌ಬರ್ಗ್‌ನ 'ಜಾಸ್' (1975) ಕತೆಯೂ ಇಂಥದ್ದೇ. ಯಂತ್ರದ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇ ಪದೇ ಕೆಟ್ಟು ನಿಂತದ್ದರಿಂದ ಅದನ್ನು ತೋರಿಸುವುದನ್ನೇ ಕಡಿಮೆ ಮಾಡಬೇಕಾಯಿತು, ಭಯ ಅದರಿಂದಲೇ ಹೆಚ್ಚಾಯಿತು.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನುವವನು ನಾನಲ್ಲ. ರಬ್ಬರಿನ ಹಾವುಗಳನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಅಂಥ ಜಿಗಿತವನ್ನು ಕಂಪ್ಯೂಟರಿನಲ್ಲಿ ಮಾಡುವುದೇ ಲೇಸು. ಕುದುರೆ ಬೀಳುವುದನ್ನು, ಆನೆ ರೇಗುವುದನ್ನು ಗ್ರಾಫಿಕ್ಸಿನಲ್ಲಿ ಮಾಡಿದರೆ ಪ್ರಾಣಿಗಳಿಗೂ ಒಳ್ಳೆಯದು. 'ನಿಜವಾಗಿ ಮಾಡಿದ್ದೇವೆ' ಎಂಬ ಹೆಮ್ಮೆಗೆ ಯಾರ ಜೀವವನ್ನೂ ಒತ್ತೆ ಇಡಬೇಕಾಗಿಲ್ಲ.

ನನ್ನ ತಕರಾರು ಗ್ರಾಫಿಕ್ಸಿನ ಬಗ್ಗೆಯಲ್ಲ, ಜಾಯಿಂಟ್ ಕಾಣದಿರುವುದರ ಬಗ್ಗೆ. 'ಮಾಸ್ತಿಗುಡಿ' ದುರಂತಕ್ಕೆ ಒಂದು ತಿಂಗಳ ಹಿಂದಷ್ಟೇ ಇನ್ನೊಂದು ಚಿತ್ರ ಬಂದಿತ್ತು – 'ನಾಗರಹಾವು'. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅದರಲ್ಲಿ ಕಂಪ್ಯೂಟರಿನ ಮೂಲಕ ಮತ್ತೆ ಪರದೆಗೆ ಬಂದರು. ಅಭಿಮಾನಿಗಳು ಸಂಭ್ರಮಿಸಿದರು, ಅವರ ಸಂಭ್ರಮವನ್ನು ಆಡಿಕೊಳ್ಳಲಾರೆ. ಆದರೆ 'ಬಭ್ರುವಾಹನ'ದ ಎರಡೂ ಅರ್ಧಗಳಲ್ಲಿ ರಾಜ್‌ಕುಮಾರ್ ನಿಜವಾಗಿ ನಿಂತಿದ್ದರು, ಬೆವರಿದ್ದರು. ಇಲ್ಲಿ ವಿಷ್ಣು ಇರಲಿಲ್ಲ. ಒಪ್ಪಿಗೆ ಕೇಳೋಣವೆಂದರೆ ಅದಕ್ಕೂ ಇರಲಿಲ್ಲ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬಂದ 'ಜೇಮ್ಸ್' (2022) ನೆನಪಾಗುತ್ತದೆ. ತಮ್ಮನ ಮುಖಕ್ಕೆ ಅಣ್ಣ ಶಿವರಾಜ್‌ಕುಮಾರ್ ಧ್ವನಿ ಕೊಟ್ಟಿದ್ದರು. ಅದು ಬೇರೆಯವರ ದನಿ ಎಂಬುದು ಥಿಯೇಟರಿನಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಜನ ಅತ್ತರು. ಕೆಲವು ವಾರಗಳ ನಂತರ ತಂತ್ರಜ್ಞಾನದ ನೆರವಿನಿಂದ ಪುನೀತರದೇ ದನಿಯಂತೆ ಕೇಳುವ ಪ್ರತಿಯೂ ಬಂತು. ನನಗೇನೋ ಮೊದಲನೆಯದೇ ಸಾಕಾಗಿತ್ತು.

ಸಿನಿಮಾದಲ್ಲಾದರೆ ಟಿಕೆಟು ಕೊಟ್ಟು ಮೋಸಹೋಗಲೆಂದೇ ಹೋಗುತ್ತೇವೆ. ಕೈಯಲ್ಲಿರುವ ಮೊಬೈಲಿಗೆ ಬರುವ ಚಿತ್ರಕ್ಕೆ ಆ ಕರಾರು ಇಲ್ಲ. ಮಾಮನಿಗೆ ಈಗ ಎಂಬತ್ತು ದಾಟಿದೆ, ನರಸಿಂಹರಾಜಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಕಳೆದ ಮಳೆಗಾಲದಲ್ಲಿ ನಾನು ಹೋಗಿದ್ದಾಗ ಅವರ ಮೊಮ್ಮಗ ಉರಿದುಕೊಂಡು ಒಳಗೆ ಬಂದ. ಪಕ್ಕದೂರಿನಲ್ಲಿ ನಿನ್ನೆ ನಡೆದ ಗಲಾಟೆ ಎಂದು ಯಾರೋ ಕಳಿಸಿದ ವಿಡಿಯೊ. ಮಾಮ ಕನ್ನಡಕ ಏರಿಸಿ ನೋಡಿದರು.

"ಇನ್ನೊಮ್ಮೆ ಬಿಡು ಮೋನೇ."

ಎರಡನೆಯ ಸಲ ನೋಡಿ ಕಿಟಕಿಯ ಕಡೆ ಕೈ ತೋರಿಸಿದರು. ಹೊರಗೆ ಎರಡು ದಿನದಿಂದ ಬಿಡದ ಮಳೆ. ವಿಡಿಯೊದಲ್ಲಿ ರಸ್ತೆಯ ಧೂಳು ಏಳುತ್ತಿತ್ತು, ಜನರ ನೆರಳು ಚೂಪಾಗಿ ಬಿದ್ದಿತ್ತು. "ನಮ್ಮ ಕಡೆ ನಿನ್ನೆ ಇಷ್ಟು ಬಿಸಿಲು ಯಾರು ತಂದದ್ದು?" ಹುಡುಗ ತಣ್ಣಗಾದ. ಅಂಗಡಿಯ ಬೋರ್ಡನ್ನು ದೊಡ್ಡದು ಮಾಡಿ ನೋಡಿದಾಗ ಅದು ಕನ್ನಡವೇ ಆಗಿರಲಿಲ್ಲ.

ಆಮೇಲೆ ಅವನು ಇನ್ನೊಂದು ತೋರಿಸಿದ. ಎಲ್ಲರಿಗೂ ಪರಿಚಿತ ಮುಖವೊಂದು, ಆಡಬಾರದ ಮಾತುಗಳನ್ನು ಆಡುತ್ತಿತ್ತು. ಮಾಮ ಅದನ್ನು ಐದಾರು ಸಲ ಹಾಕಿಸಿದರು. ತುಟಿ ನೋಡಿದರು, ಕಿವಿಯ ಅಂಚು ನೋಡಿದರು, ಹಿಂದಿನ ಪರದೆಯ ಮಡಿಕೆ ನೋಡಿದರು. ನಲವತ್ತು ವರ್ಷ ಜಾಯಿಂಟಿನ ಮೇಲೆ ಹೆಬ್ಬೆರಳು ಒತ್ತಿದವರು.

"ಇದರಲ್ಲಿ ಜಾಯಿಂಟ್ ಸಿಗುವುದಿಲ್ಲ. ಕಳಿಸಿದವನು ಯಾರು ಅಂತ ನೋಡು."

ಹುಡುಗ ಬೆರಳಿನಿಂದ ಮೇಲೆ ಸರಿಸಿ ನೋಡಿದ. ಹಲವು ಬಾರಿ ಫಾರ್ವರ್ಡ್ ಆದದ್ದು ಎಂಬ ಗುರುತು ಮಾತ್ರ ಇತ್ತು. ಹೆಸರಿರಲಿಲ್ಲ.