ಇಡೀ ಪಯಣವೋ, ತುಂಡು ಪಯಣವೋ?



ಕಳೆದ ರಾಜ್ಯೋತ್ಸವದ ಸಂಜೆ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ನಮ್ಮ ಸಂಘದ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. ಅವಳ ತಂದೆ ಬರುವ ವರ್ಷ ನಿವೃತ್ತರಾಗುತ್ತಾರೆ. ಅಣ್ಣ ತಂಗಿ ಸೇರಿ ಅಪ್ಪ ಅಮ್ಮನನ್ನು ದೊಡ್ಡದೊಂದು ಹಡಗಿನ ಪ್ರವಾಸಕ್ಕೆ ಕಳುಹಿಸಬೇಕೆಂದಿದ್ದಾರೆ. "ಅಂಕಲ್, ನೀವು ನಾರ್ವೆಗೆ ಹೋಗಿ ಬಂದವರು. ಇಡೀ ಪ್ರಯಾಣಕ್ಕೆ ಒಂದೇ ಬುಕಿಂಗ್ ಮಾಡೋದು ಒಳ್ಳೇದಾ, ಇಲ್ಲಾ ತುಂಡು ತುಂಡಾಗಿ ಮಾಡೋದಾ? ತುಂಡು ಮಾಡಿದ್ರೆ ಅಗ್ಗ ಆಗುತ್ತೆ ಅಂತ ಅಣ್ಣ ಹೇಳ್ತಾನೆ" ಎಂದಳು. ನನ್ನ ತಟ್ಟೆಯಲ್ಲಿ ಹೋಳಿಗೆ ತಣ್ಣಗಾಗುತ್ತಿತ್ತು. "ಬರೆದು ಕೊಡುತ್ತೇನಮ್ಮ" ಎಂದೆ. ಈ ಬರಹ ಆ ಸಾಲದ ತೀರುವಳಿ.

ಹಡಗಿಗೆ ಹತ್ತುವ ಮೊದಲು ನಿಮಗೆಲ್ಲ ಪರಿಚಯವಿರುವ ರೈಲನ್ನು ನೆನೆಯೋಣ. ಮುಂಬೈಯಿಂದ ಬೆಂಗಳೂರಿಗೆ ಒಂದೇ ಟಿಕೆಟ್ ಕೊಂಡರೆ ಆಗುವ ದರಕ್ಕಿಂತ, ಮುಂಬೈಯಿಂದ ಹುಬ್ಬಳ್ಳಿಗೊಂದು, ಹುಬ್ಬಳ್ಳಿಯಿಂದ ಬೆಂಗಳೂರಿಗೊಂದು ಎಂದು ಕೊಂಡರೆ ಸಾಮಾನ್ಯವಾಗಿ ಹೆಚ್ಚಾಗುತ್ತದೆ. ದೂರ ಬೆಳೆದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತಾ ಹೋಗುವುದು ನಮ್ಮ ರೈಲ್ವೆಯ ಪದ್ಧತಿ. ಇನ್ನೊಂದು ಮಾತು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿಹೋದರೆ ಗತಿಯೇನು? ಹಿಂದೆ ಅದು ನಮ್ಮ ಹಣೆಬರಹವಾಗಿತ್ತು. 2019ರ ಏಪ್ರಿಲ್‌ನಿಂದ ಎರಡು ಪಿಎನ್ಆರ್‌ಗಳನ್ನು ಒಂದಕ್ಕೊಂದು ಜೋಡಿಸುವ ಅನುಕೂಲ ಬಂದಿದೆ. ಹಾಗೆ ಜೋಡಿಸಿದ್ದರೆ, ತಪ್ಪಿಹೋದ ರೈಲಿನ ಹಣ ಮರಳಿ ಕೇಳಬಹುದು. ಅಂದರೆ ತುಂಡು ಪ್ರಯಾಣದ ನಿಜವಾದ ಪ್ರಶ್ನೆ ತುಂಡುಗಳದ್ದಲ್ಲ, ಜೋಡಣೆಯದ್ದು. ಆ ಜೋಡಣೆ ಯಾರ ಹೊಣೆ? ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನೊಡನೆ ನಾರ್ವೆಗೆ ಬನ್ನಿ.

ನಾರ್ವೆಯ ಪಶ್ಚಿಮ ಕರಾವಳಿ ನಮ್ಮ ಕೊಂಕಣದ ಹಾಗೆಯೇ ಕಡಲು ಒಳನುಗ್ಗಿದ ನೆಲ. ಬೆಟ್ಟ ನೇರ ನೀರಿಗಿಳಿದಿದೆ, ಸಾವಿರಾರು ದ್ವೀಪಗಳು ಚೆಲ್ಲಿಕೊಂಡಿವೆ. ಅಲ್ಲಿ ಊರಿಂದೂರಿಗೆ ರಸ್ತೆ ಹಾಕುವುದು ಸುಲಭದ ಕೆಲಸವಲ್ಲ. 1893ರ ಜುಲೈ 2ರಂದು ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ 'ವೆಸ್ಟೆರೋಲೆನ್' ಎಂಬ ಹಡಗನ್ನು ಟ್ರಾಂಡ್‌ಹೈಮ್‌ನಿಂದ ಉತ್ತರದ ಹ್ಯಾಮರ್‌ಫೆಸ್ಟ್‌ಗೆ ನಡೆಸಿದ. ಬಂಡೆಗಳ ನಡುವೆ ರಾತ್ರಿ ಹಡಗು ನಡೆಸುವುದೇ ಹುಚ್ಚುತನ ಎನ್ನುತ್ತಿದ್ದ ಕಾಲ ಅದು. ಅಂಚೆ, ಸರಕು, ಜನ ಮೂವರನ್ನೂ ಹೊತ್ತ ಆ ಸೇವೆಗೆ 'ಹುರ್ಟಿಗ್ರೂಟೆನ್', ಅಂದರೆ 'ವೇಗದ ಮಾರ್ಗ' ಎಂಬ ಹೆಸರು ಬಿತ್ತು. ಈಗ ಅದು ಬರ್ಗನ್‌ನಿಂದ ರಷ್ಯಾದ ಗಡಿ ಸಮೀಪದ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟುತ್ತದೆ. ಹೋಗಲು 7 ದಿನ, ಮರಳಲು 6 ದಿನ. ನಡುವಿನ ಒಂದು ದಿನ ಎರಡಕ್ಕೂ ಸೇರುವುದರಿಂದ ಒಟ್ಟು 12 ದಿನ. 2021ರಿಂದ ಎರಡು ಕಂಪನಿಗಳು ಈ ಮಾರ್ಗವನ್ನು ಹಂಚಿಕೊಂಡಿವೆ.

ನಮ್ಮವರಿಗೆ ಇದು ವಿಹಾರನೌಕೆ, ಅಲ್ಲಿನವರಿಗೆ ಬಸ್ಸು. ಕೆಲವು ಬಂದರುಗಳಲ್ಲಿ ಹಡಗು ಕಾಲು ಗಂಟೆ ನಿಂತರೆ ಹೆಚ್ಚು. ಪೆಟ್ಟಿಗೆಗಳು ಇಳಿಯುತ್ತವೆ, ಒಬ್ಬ ಅಜ್ಜಿ ಕೈಚೀಲ ಹಿಡಿದು ಹತ್ತುತ್ತಾಳೆ, ಮುಂದಿನ ಊರಲ್ಲಿ ಇಳಿದು ಹೋಗುತ್ತಾಳೆ. ನೋಡುತ್ತಾ ನಿಂತಾಗ ನನಗೆ ನನ್ನ ತಂದೆಯ ನೆನಪಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆಯುವುದಕ್ಕೆ ಎಷ್ಟೋ ಮೊದಲು, ಮಂಗಳೂರಿನಿಂದ ಸ್ಟೀಮರ್ ಹತ್ತಿ ಒಂದು ತಗಡಿನ ಟ್ರಂಕಿನೊಡನೆ ಮುಂಬೈಗೆ ಬಂದಿಳಿದವರು ಅವರು. ನಿಮ್ಮಲ್ಲಿ ಕೆಲವರ ಅಜ್ಜಂದಿರೂ ಹಾಗೆಯೇ ಬಂದವರಿರಬಹುದು. ಕರಾವಳಿಯ ಜನಕ್ಕೆ ಹಡಗೆಂದರೆ ಐಷಾರಾಮವಲ್ಲ, ದಾರಿ.

ಹೀಗೆ ಬಸ್ಸಿನಂತೆ ಓಡುವ ಹಡಗಾದ್ದರಿಂದಲೇ ಇಲ್ಲಿ ಎರಡೂ ಬಗೆಯ ಟಿಕೆಟ್ ಸಿಗುತ್ತದೆ. 12 ದಿನದ ಇಡೀ ಪಯಣ ಕೊಳ್ಳಬಹುದು; ಹೋಗುವ ಅಥವಾ ಬರುವ ಅರ್ಧವನ್ನಷ್ಟೇ ಕೊಳ್ಳಬಹುದು; ಈ ಬಂದರಿನಿಂದ ಆ ಬಂದರಿಗೆ ಎಂದು ತುಂಡಾಗಿಯೂ ಕೊಳ್ಳಬಹುದು.

2023ರ ಸೆಪ್ಟೆಂಬರಿನಲ್ಲಿ ನಾವು ಹೊರಟದ್ದು ಎರಡು ಜೋಡಿ. ನನ್ನ ಷಡ್ಡಕ ದಂಪತಿ ಇಡೀ ಪಯಣದ ಟಿಕೆಟ್ ಮಾಡಿಸಿದರು. ನಾನೋ, ಲೆಕ್ಕದಲ್ಲಿ ಬುದ್ಧಿವಂತನೆಂಬ ಹೆಮ್ಮೆಯವನು. ಬರ್ಗನ್‌ನಿಂದ ಲೊಫೊಟೆನ್ ದ್ವೀಪಗಳ ಸ್ವೋಲ್ವೇರ್‌ವರೆಗೆ ಒಂದು ತುಂಡು, ಅಲ್ಲಿ ಮೂರು ದಿನ ವಾಸ, ಆಮೇಲೆ ಇನ್ನೊಂದು ಹಡಗಿನಲ್ಲಿ ಕಿರ್ಕೆನೆಸ್‌ಗೆ ಎರಡನೆಯ ತುಂಡು, ಅಲ್ಲಿಂದ ವಿಮಾನ. ಮರಳುವ ಅರ್ಧ ಬಿಟ್ಟದ್ದರಿಂದ ಹಣವೂ ಉಳಿಯಿತು ಎಂದು ಬೀಗಿದೆ.

ಆ ಮೂರು ದಿನಗಳ ಸುಖವನ್ನು ಮೊದಲು ಹೇಳಿಬಿಡುತ್ತೇನೆ. ಸ್ವೋಲ್ವೇರ್‌ನ ಸುತ್ತ ಮರದ ದೊಡ್ಡ ದೊಡ್ಡ ಚೌಕಟ್ಟುಗಳು ನಿಂತಿರುತ್ತವೆ. ಫೆಬ್ರವರಿಯಿಂದ ಮೇ ತನಕ ಅವುಗಳ ಮೇಲೆ ಕಾಡ್ ಮೀನನ್ನು ಜೋಡಿಯಾಗಿ ಕಟ್ಟಿ ಗಾಳಿಗೆ ಒಣಗಿಸುತ್ತಾರೆ. ನಾವು ಹೋದಾಗ ಚೌಕಟ್ಟುಗಳು ಖಾಲಿ. ಆದರೂ ನೋಡಿದ ಕ್ಷಣ ನನ್ನಾಕೆ, "ವರ್ಸೋವಾದಲ್ಲಿ ಬೊಂಬಿಲ್ ಒಣಗಿಸೋ ಬಿದಿರಿನ ಹಾಗೇ ಇದೆಯಲ್ರೀ!" ಎಂದಳು. ಷಡ್ಡಕರ ಹಡಗು ಆ ಊರಲ್ಲಿ ನಿಂತದ್ದು ಸಂಜೆಯ ಒಂದೆರಡು ಗಂಟೆ. ನಾವು ಅಲ್ಲಿನ ಬೆಳಗನ್ನೂ ಮಳೆಯನ್ನೂ ಮೌನವನ್ನೂ ಕಂಡೆವು. ತುಂಡು ಮಾಡಿದವನಿಗೆ ಸಿಗುವ ಲಾಭ ಇದೇ: ಊರು ಕಿಟಕಿಯಲ್ಲಿ ಹಾದುಹೋಗುವುದಿಲ್ಲ, ಕಾಲಿಗೆ ಸಿಗುತ್ತದೆ.

ಇನ್ನು ಬೆಲೆ. ಮೂರನೆಯ ರಾತ್ರಿ ಸುಮಾರು ಹತ್ತಕ್ಕೆ ನಾವು ಹತ್ತಬೇಕು. ಲೊಫೊಟೆನ್‌ಗೆ ಬರುವ ಹಡಗು ಬೋಡೋ ಬಿಟ್ಟ ಮೇಲೆ ವೆಸ್ಟ್‌ಫ್ಯೋರ್ಡ್ ಎಂಬ ತೆರೆದ ಕಡಲನ್ನು ದಾಟಬೇಕು. ಅಂದು ಅಲ್ಲಿ ಬಿರುಗಾಳಿ. ಹಡಗು ತಡ ಎಂದು ತಿಳಿಯುವಷ್ಟರಲ್ಲಿ ನಾವು ಕೋಣೆ ಖಾಲಿ ಮಾಡಿ ಪೆಟ್ಟಿಗೆಗಳೊಡನೆ ಬಂದರಿನಲ್ಲಿದ್ದೆವು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಮೊದಲ ಹಡಗಿನವರಿಗೆ ನಾವು ಇಳಿದುಹೋದ ಪ್ರಯಾಣಿಕರು; ಎರಡನೆಯವರಿಗೆ ಇನ್ನೂ ಹತ್ತದವರು. ನಡುವಿನ ಆ ಹೊತ್ತಿಗೆ ನಾವು ಯಾರ ಅತಿಥಿಗಳೂ ಅಲ್ಲ. ಸಮೀಪದ ಹೋಟೆಲಿನವರು ಕನಿಕರದಿಂದ ಒಳಗೆ ಕೂರಲು ಬಿಟ್ಟರು. ಚೀಲದಲ್ಲಿದ್ದ ಅವಲಕ್ಕಿ ಚಟ್ನಿಪುಡಿಯೇ ಊಟ. ಹಡಗು ಬಂದದ್ದು ರಾತ್ರಿ ಒಂದೂವರೆಗೆ. ಮೊಣಕಾಲು ನೋವಿನ ನನ್ನಾಕೆ ಒದ್ದೆ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಕೋಣೆಯಲ್ಲಿ ಕುಳಿತ ಮೇಲೆ ಒಂದೇ ಮಾತು ಆಡಿದಳು: "ಮುಂದಿನ ಸಲ ಲೆಕ್ಕ ಹಾಕುವಾಗ ನನ್ನ ಮೊಣಕಾಲನ್ನೂ ಸೇರಿಸಿಕೊಳ್ಳಿ."

ಅಷ್ಟಕ್ಕೇ ಮುಗಿಯಲಿಲ್ಲ. ಕಿರ್ಕೆನೆಸ್‌ನಲ್ಲಿ ಇಳಿದ ದಿನವೇ ವಿಮಾನ ಹಿಡಿಯುವಂತೆ ನಾನು ಟಿಕೆಟ್ ಮಾಡಿಸಿದ್ದೆ. ತಡವಾದ ಹಡಗು ಆ ತಡವನ್ನು ತುಂಬಿಕೊಳ್ಳುತ್ತದೆಯೇ ಎಂಬ ಚಿಂತೆಯಲ್ಲಿ ಎರಡು ದಿನ ಗಡಿಯಾರವನ್ನೇ ನೋಡಿದೆ. ಟ್ರೋಮ್ಸೊದಲ್ಲಿ ನಿಲ್ಲುವ ಹೊತ್ತನ್ನು ಕಡಿಮೆ ಮಾಡಿ ಹಡಗು ಸಮಯಕ್ಕೆ ಸೇರಿತು. ನಾನು ನೋಡಬೇಕೆಂದಿದ್ದ ಟ್ರೋಮ್ಸೊ ಉಳಿಯಿತು. ಇನ್ನೊಂದು ಕಳೆದುಕೊಂಡದ್ದೂ ಇದೆ. ಉತ್ತರಕ್ಕೆ ಹೋಗುವಾಗ ರಾತ್ರಿ ಬರುವ ಎಷ್ಟೋ ಬಂದರುಗಳು ಮರಳುವಾಗ ಹಗಲಿನಲ್ಲಿ ಬರುತ್ತವೆ. ವೇಳಾಪಟ್ಟಿಯನ್ನೇ ಹಾಗೆ ಹೆಣೆದಿದ್ದಾರೆ. ಸ್ವೋಲ್ವೇರ್ ದಾಟಿದ ಮೇಲಿನ ರಾಫ್ಟ್‌ಸುಂಡ್ ಎಂಬ ಇಕ್ಕಟ್ಟಾದ ಜಲಸಂಧಿಯನ್ನೂ, ಈ ಹಡಗುಗಳ ವಸ್ತುಸಂಗ್ರಹಾಲಯವಿರುವ ಸ್ಟೋಕ್‌ಮಾರ್ಕ್‌ನೆಸ್ ಊರನ್ನೂ ನಾವು ನಿದ್ದೆಯಲ್ಲಿ ದಾಟಿದೆವು. ಷಡ್ಡಕ ಮರಳುವ ದಾರಿಯಲ್ಲಿ ಎರಡನ್ನೂ ಹಗಲಲ್ಲಿ ನೋಡಿದರು. ಮರಳುವ ದಾರಿ ಎಂದರೆ ಅದೇ ದಾರಿ, ಎರಡು ಸಲ ಯಾಕೆ ನೋಡಬೇಕು ಎಂದುಕೊಂಡದ್ದು ನನ್ನ ತಪ್ಪು.

ಹಾಗಾದರೆ ಇಡೀ ಪಯಣದವರು ಗೆದ್ದರೇ? ಪೂರ್ತಿ ಅಲ್ಲ. ಷಡ್ಡಕರ ಮನೆಯಾಕೆಗೆ ಕಡಲು ಒಗ್ಗಲಿಲ್ಲ. ಐದನೆಯ ದಿನ "ನನ್ನನ್ನು ಇಳಿಸಿಬಿಡಿ, ವಿಮಾನದಲ್ಲಿ ಹೋಗ್ತೀನಿ" ಎಂದು ಹಟ ಹಿಡಿದರಂತೆ. ಇಳಿಯಲು ಯಾರೂ ಅಡ್ಡಿ ಮಾಡುತ್ತಿರಲಿಲ್ಲ, ಉಳಿದ ದಿನಗಳ ಹಣವಷ್ಟೇ ಮರಳುತ್ತಿರಲಿಲ್ಲ. ಆ ಹಣದ ಮೋಹಕ್ಕೆ ಉಳಿದರು. ಪುಣ್ಯಕ್ಕೆ ಮರಳುವಾಗ ಕಡಲು ಶಾಂತವಾಗಿತ್ತು. ಹಡಗು ತಡವಾದಾಗಲೆಲ್ಲ ಅವರಿಗೆ ಅದು ಇನ್ನೊಂದು ಲೋಟ ಕಾಫಿಯ ಹೊತ್ತು, ನನಗೆ ಎದೆಬಡಿತ. ವ್ಯತ್ಯಾಸ ಇಷ್ಟೇ. ಒಂದೇ ಟಿಕೆಟ್‌ನಲ್ಲಿ ನಿಮ್ಮನ್ನು ಕೊನೆ ಮುಟ್ಟಿಸುವ ಹೊಣೆ ಹಡಗಿನದು. ತುಂಡು ಟಿಕೆಟ್‌ಗಳಲ್ಲಿ ಪ್ರತಿ ಜೋಡಣೆಯೂ ನಿಮ್ಮದು.

ಈಗ ನೂರು ದಿನ ಮೀರುವ ಜಗತ್ಪ್ರದಕ್ಷಿಣೆಯ ಹಡಗುಗಳೂ ಇವೆ. ಅವನ್ನೂ ಇಡಿಯಾಗಿ ಮತ್ತು ತುಂಡಾಗಿ ಮಾರುತ್ತಾರೆ. ಅದೇ ಹಡಗಿನಲ್ಲಿ ಸಾಲಾಗಿ ಎರಡು ಮೂರು ತುಂಡು ಕೊಂಡು ಕೂಡಿಸಿದರೆ ಒಮ್ಮೊಮ್ಮೆ ಅಗ್ಗ ಎನಿಸಬಹುದು. ಹಣ ಕಟ್ಟುವ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಿ. ಕೋಣೆ ಕೊನೆತನಕ ಅದೇ ಇರುತ್ತದೆಯೇ, ಅಥವಾ ತುಂಡು ಬದಲಾದಾಗ ಪೆಟ್ಟಿಗೆ ಕಟ್ಟಿ ಇನ್ನೊಂದು ಕೋಣೆಗೆ ಸಾಗಬೇಕೇ? ದರದಲ್ಲಿ ಊಟ ಸೇರಿದೆಯೇ? ನಾರ್ವೆಯಂಥ ದುಬಾರಿ ದೇಶದಲ್ಲಿ ಈ ಒಂದು ಪ್ರಶ್ನೆಗೇ ಲೆಕ್ಕ ತಲೆಕೆಳಗಾಗುತ್ತದೆ. ಒಂದು ತುಂಡನ್ನು ಕಂಪನಿಯೇ ರದ್ದು ಮಾಡಿದರೆ ಇನ್ನೊಂದರ ಹಣ ಏನಾಗುತ್ತದೆ? ವಿಮೆ ಮನೆಯ ಬಾಗಿಲಿಂದ ಮನೆಯ ಬಾಗಿಲವರೆಗೆ, ನಡುವೆ ದಡದಲ್ಲಿ ಕಳೆಯುವ ದಿನಗಳನ್ನೂ ಸೇರಿಸಿ, ಒಂದೇ ಆಗಿದೆಯೇ?

ನಮ್ಮ ಪಾಸ್‌ಪೋರ್ಟ್‌ನವರು ವೀಸಾದ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು. ಬರ್ಗನ್‌ನಿಂದ ಕಿರ್ಕೆನೆಸ್‌ಗೆ ಹೋಗಿ ಬರುವಷ್ಟೂ ದಿನ ನೀವು ನಾರ್ವೆಯ ಒಳಗೇ ಇರುತ್ತೀರಿ. ಒಂದೇ ಪ್ರವೇಶದ ಷೆಂಗೆನ್ ವೀಸಾ ಸಾಕು. ಆದರೆ ಇನ್ನಷ್ಟು ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳು ನಾರ್ವೆಗೇ ಸೇರಿದ್ದರೂ ಷೆಂಗೆನ್ ವಲಯದ ಹೊರಗಿವೆ. ಆ ತುಂಡನ್ನೂ ಸೇರಿಸಿದರೆ ಹೊರಹೋಗಿ ಮರಳಿ ಬಂದಂತೆ. ಒಂದೇ ಪ್ರವೇಶದ ವೀಸಾ ಸಾಲದು.

ತುಂಡುಗಳ ಜೋಡಣೆ ಕಾನೂನಿಗೂ ತಾಗಬಹುದು. ಅಮೆರಿಕದಲ್ಲಿ 1886ರ ಕಾನೂನೊಂದಿದೆ. ವಿದೇಶಿ ಧ್ವಜದ ಹಡಗು ಅಲ್ಲಿನ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು, ದೂರದ ಪರದೇಶದ ಬಂದರೊಂದನ್ನು ಮುಟ್ಟದೆ, ಅಮೆರಿಕದ ಬೇರೊಂದು ಬಂದರಿನಲ್ಲಿ ಇಳಿಸುವಂತಿಲ್ಲ. ಸಿಯಾಟಲ್‌ನಿಂದ ಅಲಾಸ್ಕಾ ನೋಡಿಕೊಂಡು ಕೆನಡಾದ ವ್ಯಾಂಕೂವರ್‌ಗೆ ಒಂದು ತುಂಡು. ಅದೇ ಹಡಗಿನಲ್ಲಿ ವ್ಯಾಂಕೂವರ್‌ನಿಂದ ಲಾಸ್ ಏಂಜಲೀಸ್‌ಗೆ ಇನ್ನೊಂದು. ಬಿಡಿಯಾಗಿ ಎರಡೂ ಸರಿ, ಕೂಡಿಸಿದರೆ ತಪ್ಪು. ಕಾನೂನಿಗೆ ವ್ಯಾಂಕೂವರ್ ಅಷ್ಟು ದೂರದ್ದಲ್ಲ. ನೀವು ಎಷ್ಟೇ ಟಿಕೆಟ್ ಮಾಡಿಸಿರಿ, ಅಲ್ಲಿನ ಕಾನೂನು ಅದನ್ನು ಒಂದೇ ಪಯಣವೆಂದು ನೋಡುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಸಲಹೆ. ನೀವು ನೀವೇ, ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟಿದ್ದರೆ ಧೈರ್ಯವಾಗಿ ತುಂಡು ಮಾಡಿ. ಒಂದು ರಾತ್ರಿ ಬಂದರಿನಲ್ಲಿ ನೆನೆದರೂ ಅದು ಮುಂದೆ ಹೇಳಿಕೊಳ್ಳುವ ಕಥೆಯಾಗುತ್ತದೆ. ಆದರೆ ಒಂದು ಹಡಗಿಂದ ಇನ್ನೊಂದಕ್ಕೆ, ಹಡಗಿಂದ ವಿಮಾನಕ್ಕೆ ನಡುವೆ ಒಂದು ಪೂರ್ತಿ ದಿನ ಬಿಡಿ. ಅಪ್ಪ ಅಮ್ಮನನ್ನು ಕಳುಹಿಸುವುದಾದರೆ ಒಂದೇ ಟಿಕೆಟ್, ಒಂದೇ ಕೋಣೆ. ಹನ್ನೆರಡು ದಿನ ಹೆಚ್ಚು ಎನಿಸಿದರೆ ಅರ್ಧ ಪಯಣವನ್ನೇ ಇಡಿಯಾಗಿ ಕೊಳ್ಳಿ, ನಡುವೆ ಕತ್ತರಿಸಬೇಡಿ. ತುಂಡು ಮಾಡಿ ಉಳಿಸುವ ಹಣ ನಿಮ್ಮದು, ಜೋಡಣೆಯಲ್ಲಿ ಬೀಳುವ ಕಷ್ಟ ಅವರದು. ಅವರು ಅದನ್ನು ನಿಮಗೆ ಹೇಳುವುದೂ ಇಲ್ಲ. ಫೋನಿನಲ್ಲಿ "ಎಲ್ಲಾ ಚೆನ್ನಾಗಿದೆ ಮಗಾ" ಎನ್ನುತ್ತಾರೆ.

ಅದಕ್ಕೇ, ಆ ಹುಡುಗಿಗೂ ಅವಳ ಅಣ್ಣನಿಗೂ ನನ್ನದೊಂದೇ ಕೋರಿಕೆ. ದರ ಹೋಲಿಸುವ ಮೊದಲು ಒಂದು ಸಂಜೆ ಅಪ್ಪ ಅಮ್ಮನ ಬಳಿ ಕುಳಿತು, ಅವರಿಗೆ ಊರು ನೋಡುವ ಆಸೆಯೋ, ಕಡಲು ನೋಡುತ್ತಾ ಸುಮ್ಮನೆ ಕೂರುವ ಆಸೆಯೋ ಎಂದು ಕೇಳಿ. ಮೊಣಕಾಲು ಹೇಗಿದೆ ಎಂದೂ ಕೇಳಿ. ಟಿಕೆಟ್ ಆಮೇಲೆ ಮಾಡಿಸಿ. ಹೋಗಿ ಬಂದ ಮೇಲೆ ಮುಂದಿನ ರಾಜ್ಯೋತ್ಸವಕ್ಕೆ ಅವರನ್ನು ಕರೆತನ್ನಿ. ಹೋಳಿಗೆ ಬಿಸಿಯಿರುವಾಗಲೇ ಕಥೆ ಕೇಳೋಣ. ನಿಮ್ಮ ಪಯಣ ಶುಭವಾಗಲಿ.