ರೆಪ್ಪೆಯ ಮೇಲಿನ ಬೆಣ್ಣೆ

ನನ್ನ ಎಡಗಣ್ಣಿನ ರೆಪ್ಪೆಯ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ, ಬೆರಳ ತುದಿಯಿಂದ ಬೆಣ್ಣೆ ಮೆತ್ತಿದಂಥ ಹಳದಿ ಮಚ್ಚೆಯೊಂದು ವರ್ಷಗಳಿಂದ ಬೀಡುಬಿಟ್ಟಿದೆ. ಪೀಣ್ಯದ ಕಾರ್ಖಾನೆಯಲ್ಲಿದ್ದಷ್ಟು ಕಾಲ ಅದನ್ನು ಕಂಡವರಿಲ್ಲ. ಲೇತ್ ಮುಂದೆ ನಿಂತವನ ಕಣ್ಣಿಗೆ ಕನ್ನಡಕ, ಕನ್ನಡಕದ ಮೇಲೆ ಎಣ್ಣೆ ಜಿಡ್ಡು. ಅದರಾಚೆ ಇಣುಕುವ ಪುರುಸೊತ್ತು ಯಾರಿಗಿತ್ತು? ಊರಿನಿಂದ ಬಂದ ಸೋದರತ್ತೆ ಮಾತ್ರ, ಹಳದಿ ಎಂದರೆ ಕಾಮಾಲೆಯೇ ಎಂದು ತೀರ್ಮಾನಿಸಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸಿದಳು. ಮಚ್ಚೆ ಕದಲಲಿಲ್ಲ. ಮಜ್ಜಿಗೆ ಚೆನ್ನಾಗಿತ್ತು.

ನಿವೃತ್ತನಾಗಿ ವೈಟ್‌ಫೀಲ್ಡಿನ ಮಗಳ ಮನೆ ಸೇರಿದ ಮೇಲೆ ಅದಕ್ಕೆ ಕ್ಸಾಂತೆಲಾಸ್ಮ ಎಂಬ ಹೆಸರೂ ಚಿಕಿತ್ಸೆಯ ಯೋಗವೂ ಕೂಡಿಬಂದವು. ಅದು ದಿನವಿಡೀ ಕ್ಯಾಮೆರಾಕ್ಕೆ ಮುಖವೊಡ್ಡಿ ಕೂರುವವರ ಪೇಟೆ; ಅಲ್ಲಿ ಮುಖದ ಮೇಲಿನ ಚುಕ್ಕೆಗೂ ಲೆಕ್ಕವುಂಟು. ಅಳಿಯ ಆಯ್ಕೆಗಳನ್ನೆಲ್ಲ ಎಕ್ಸೆಲ್ ಹಾಳೆಗೆ ಏರಿಸಿದ. ಟ್ರೈಕ್ಲೋರೋಅಸೆಟಿಕ್ ಆಮ್ಲ ಅಗ್ಗ. ಹಚ್ಚಿದ ಜಾಗ ಬೆಳ್ಳಗಾಗಿ, ಆಮೇಲೆ ಹಕ್ಕಳೆ ಕಟ್ಟಿ ಉದುರುತ್ತದೆ. ತೆಳು ಮಚ್ಚೆಗೆ ಅಷ್ಟು ಸಾಕು, ಆದರೆ ಹಲವು ಸಲ ಹಚ್ಚಿಸಿಕೊಳ್ಳಬೇಕಾದೀತು, ಹನಿ ಕಣ್ಣಿಗೆ ಜಾರಿದರೆ ಫಜೀತಿ. ಲೇಸರ್, ರೇಡಿಯೊಫ್ರೀಕ್ವೆನ್ಸಿಗಳಲ್ಲಿ ರಕ್ತ ಕಡಿಮೆ, ಬಿಲ್ಲು ಹೆಚ್ಚು. ದಪ್ಪಗೆ ಆಳಕ್ಕಿಳಿದಿದ್ದರೆ ಕತ್ತರಿಯೇ ಗತಿ. ಚರ್ಮ ಅತಿಯಾಗಿ ತೆಗೆದರೆ ರೆಪ್ಪೆ ಹೊರಕ್ಕೆ ಮಗುಚಿಕೊಳ್ಳಬಹುದು. ಇಷ್ಟೆಲ್ಲ ಮಾಡಿದರೂ ಅದು ಮರಳಿ ಬಾರದೆಂಬ ಭರವಸೆಯಿಲ್ಲ. 1976ರ ಅಧ್ಯಯನವೊಂದರಲ್ಲಿ, ಮೊದಲ ಸಲ ಕತ್ತರಿಸಿ ತೆಗೆಸಿಕೊಂಡವರಲ್ಲಿ 100ಕ್ಕೆ 40 ಮಂದಿಗೆ ಮತ್ತೆ ಬಂದಿತ್ತು. ನಮ್ಮಂಥ ಕಂದು ಚರ್ಮದವರಿಗಂತೂ ಆಮ್ಲವೋ ಲೇಸರೋ ತಾಗಿದಲ್ಲಿ ಹಳದಿ ಹೋಗಿ ಕಪ್ಪು ಬಂದು ಕೂರುವ ಭಯ ಬೇರೆ.

ಸುಮ್ಮನೆ ಬಿಟ್ಟುಬಿಡುವುದು ಎಂಬ ಸಾಲು ಆ ಹಾಳೆಯಲ್ಲಿರಲಿಲ್ಲ. ನನಗೆ ಅದೇ ಮೆಚ್ಚು. ನೋವಿಲ್ಲ, ತುರಿಕೆಯಿಲ್ಲ, ದೃಷ್ಟಿಗೆ ಅಡ್ಡಿಯಿಲ್ಲ.

ಬಿಡಬಾರದ್ದು ರಕ್ತಪರೀಕ್ಷೆ, ಏಕೆಂದರೆ ಈ ಹಳದಿಯೆಂದರೆ ಚರ್ಮದಲ್ಲಿ ಕೂಡಿಕೊಂಡ ಕೊಲೆಸ್ಟರಾಲೇ. ಈ ಮಚ್ಚೆಯವರಲ್ಲಿ ಸುಮಾರು ಅರ್ಧದಷ್ಟು ಜನರ ಕೊಲೆಸ್ಟರಾಲ್ ಸರಿಯಾಗಿಯೇ ಇರುತ್ತದೆ; ಹಾಗೆಂದು ಕಾಲು ಚಾಚಿ ಮಲಗುವಂತಿಲ್ಲ. ಕೋಪನ್‌ಹೇಗನ್ನಿನಲ್ಲಿ 12,745 ಜನರನ್ನು ದಶಕಗಳ ಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊಲೆಸ್ಟರಾಲ್ ಲೆಕ್ಕ ಬದಿಗಿಟ್ಟರೂ ಮಚ್ಚೆಯಿದ್ದವರಿಗೆ ಹೃದಯಾಘಾತದ ಸಂಭವ ಹೆಚ್ಚು. ಸೌಂದರ್ಯದ ಕ್ಲಿನಿಕ್ಕಿಗಿಂತ ಮೊದಲು ಬೊಮ್ಮಸಂದ್ರದ ನಾರಾಯಣ ಹೃದಯಾಲಯದ ದಿಕ್ಕಿಗೆ ನೋಡಿಸಬೇಕಾದ ಮಚ್ಚೆ ಇದು.

ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 168 ಬಂತು; ಅದನ್ನಿಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾಯಿತು. ಜೊತೆಗಿರಲಿ ಎಂದು ಅಳಿಯನೂ ರಕ್ತ ಕೊಟ್ಟಿದ್ದ. ಅವನ ರೆಪ್ಪೆ ಕನ್ನಡಿಯಂತೆ ನುಣುಪು. ಎಲ್‌ಡಿಎಲ್ ಮಾತ್ರ ನನಗಿಂತ ಮೇಲೆ.