ನಾವು ಪರಿಸರ ಓದಿದ್ದು

"ಪರಿಸರ ಓದಿ ಏನು ಮಾಡುತ್ತೀರಿ, ಗಿಡ ನೆಡುತ್ತೀರಾ?" ಎಂಬ ಪ್ರಶ್ನೆಯನ್ನು ನಾವು ಕಾಲೇಜಿಗಿಂತ ಹೆಚ್ಚು ಮದುವೆ ಮನೆಗಳಲ್ಲಿ ಎದುರಿಸಿದ್ದೇವೆ. ನಾವು ಮೂವರು. ಮಂಗಳೂರಿನ ಹೊರವಲಯದಿಂದ ಬೆಳಿಗ್ಗೆ ಒಂದೇ ಬಸ್ಸು ಹಿಡಿಯುತ್ತಿದ್ದವರು. 2017ರಿಂದ 2020ರವರೆಗೆ ಬಿ.ಎಸ್ಸಿ. ಪದವಿಗೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳ ಜೊತೆ ಪರಿಸರ ವಿಜ್ಞಾನವನ್ನೂ ಓದಿದೆವು. ಇಂಜಿನಿಯರಿಂಗ್, ವೈದ್ಯಕೀಯ ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಬಿ.ಎಡ್. ಎಂದರೂ ನಡೆಯುತ್ತದೆ. ಪರಿಸರ ಎಂದರೆ ಮಾತ್ರ ಎದುರಿದ್ದವರ ಮುಖದಲ್ಲಿ ಒಂದು ಕರುಣೆಯ ನಗು.

ಪರಿಸರದ ಪಾಠವೇನೋ ಎಲ್ಲರಿಗೂ ಇದೆ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷಣದ ಎಲ್ಲಾ ಹಂತಗಳಲ್ಲೂ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಪದವಿ ತರಗತಿಗಳಿಗೆ ಅದು ಬಂದದ್ದು ಹನ್ನೆರಡು-ಹದಿಮೂರು ವರ್ಷಗಳ ಬಳಿಕ. ಯುಜಿಸಿ ರೂಪಿಸಿದ ಆ ಪಠ್ಯಕ್ರಮದಲ್ಲಿ ಎಂಟು ಘಟಕ, ಐವತ್ತು ತರಗತಿ. ಪರೀಕ್ಷೆಗೆ 75 ಅಂಕ, ಕ್ಷೇತ್ರಕಾರ್ಯಕ್ಕೆ 25. ಬಿ.ಕಾಂ., ಬಿ.ಎ. ಓದಿದ ನಮ್ಮ ಗೆಳತಿಯರನ್ನು ಕೇಳಿದರೆ, ಆ 75 ಅಂಕಗಳಿಗೆ ಗೈಡು ಬಾಯಿಪಾಠ ಮಾಡಿದ್ದನ್ನೂ ಉಳಿದ 25ಕ್ಕೆ ಹಿಂದಿನ ವರ್ಷದವರ ಪುಸ್ತಕ ನೋಡಿ ಬರೆದದ್ದನ್ನೂ ನಗುತ್ತಾ ಹೇಳುತ್ತಾರೆ. ಆ ಪಠ್ಯಕ್ರಮದಲ್ಲಿ ಬೆಲೆಬಾಳುವ ಭಾಗವೆಂದರೆ ಆ 25 ಅಂಕಗಳೇ ಎಂದು ನಮಗೆ ಅನ್ನಿಸುತ್ತದೆ. ಹತ್ತಿರದ ಹೊಳೆ, ಕೆರೆ, ಗುಡ್ಡ, ಕಸದ ರಾಶಿ ಯಾವುದಾದರೂ ಒಂದನ್ನು ಹೋಗಿ ನೋಡಿ ಬನ್ನಿ ಎಂದು ಅದು ಹೇಳಿತ್ತು. ಹೋದವರು ಕಡಿಮೆ.

ಅದೇ ವಿಷಯವನ್ನು ಮೂರು ವರ್ಷ ಓದಿದ್ದರಿಂದ ನಮಗೆ ಹೋಗದೆ ವಿಧಿಯಿರಲಿಲ್ಲ. ಪುಸ್ತಕವೆಲ್ಲ ಇಂಗ್ಲಿಷು. ಭೋಪಾಲದ ಅನಿಲ, ಜಪಾನಿನ ಮಿನಮಾಟದ ಪಾದರಸ ನಮಗೆ ಕಂಠಪಾಠವಾಗಿದ್ದವು. ನಮ್ಮದೇ ಜಿಲ್ಲೆಯ ಕೊಕ್ಕಡದಲ್ಲಿ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು, ಆ ಊರುಗಳಲ್ಲಿ ಮಕ್ಕಳು ಹಾಸಿಗೆ ಹಿಡಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು ಮಾತ್ರ ನಮಗೆ ಪುಸ್ತಕಕ್ಕಿಂತ ಮೊದಲು ಸಹಪಾಠಿಯೊಬ್ಬಳ ಬಾಯಿಂದ ತಿಳಿಯಿತು. ಅವಳ ತಾಯಿಯ ತವರು ಆ ಕಡೆಯದು.

ಜಲಾನಯನ ಪ್ರದೇಶದ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದ ಒಂದು ರಾತ್ರಿ ನಮ್ಮಲ್ಲೊಬ್ಬಳ ಅಜ್ಜಿ ಪಕ್ಕದಲ್ಲಿ ವೀಳ್ಯ ಮೆಲ್ಲುತ್ತಾ ಕೂತಿದ್ದರು. ಎಂಥ ಅದು ಅಷ್ಟು ದೊಡ್ಡ ಚಿತ್ರ ಎಂದು ಕೇಳಿದರು. ಗುಡ್ಡದ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವುದು ಎಂದೆವು. "ಬೆಟ್ಟಿನಲ್ಲಿ ಬಿದ್ದದ್ದು ಮಜಲಿಗೆ, ಮಜಲಿನದ್ದು ಬೈಲಿಗೆ. ಅದಕ್ಕೆ ಕಾಲೇಜು ಬೇಕಾ?" ಎಂದರು. ಬೆಟ್ಟು ಗದ್ದೆಯಲ್ಲಿ ಮಳೆಗಾಲಕ್ಕೆ ಒಂದೇ ಬೆಳೆ, ಮಜಲಿನಲ್ಲಿ ಎರಡು, ಬೈಲಿನಲ್ಲಿ ನೀರಿದ್ದರೆ ಮೂರು. ಗೇಣಿಗೆ ಗದ್ದೆ ಮಾಡಿದ್ದ ಅವರಿಗೆ ಎಲ್ಲಿ ಕಟ್ಟ ಹಾಕಿದರೆ ಯಾವ ಬಾವಿಯ ನೀರು ಮೇಲೆ ಬರುತ್ತದೆ ಎಂಬುದೂ ತಿಳಿದಿತ್ತು. ಮರುದಿನ ಆ ಮೂರು ಪದಗಳನ್ನೂ ನಕ್ಷೆಯಲ್ಲಿ ಬರೆದುಕೊಂಡು ಹೋದೆವು. ಮೇಡಂ ಸಂತೋಷಪಟ್ಟರು. ಪರೀಕ್ಷೆಯಲ್ಲಿ ಬರೆಯಬೇಡಿ, ಮೌಲ್ಯಮಾಪಕರಿಗೆ ಅರ್ಥವಾಗಲಿಕ್ಕಿಲ್ಲ ಎಂದೂ ಹೇಳಿದರು.

ಎರಡನೇ ವರ್ಷ ನಾವು ನಮ್ಮ ಓಣಿಗಳ ಬಾವಿಗಳನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡೆವು. ಐದೈದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಶೌಚಗುಂಡಿ ಮೂರೂ ಆಗಬೇಕಾದ ಕಡೆ ಏನಾಗುತ್ತದೆ ಎಂಬುದು ಪ್ರಶ್ನೆ. ಮುರಕಲ್ಲಿನ ನೆಲ ತೂತುತೂತಾದದ್ದು. ಒಬ್ಬರ ಗುಂಡಿಯ ನೀರು ಇನ್ನೊಬ್ಬರ ಬಾವಿಗೆ ಇಳಿಯಲು ಹೆಚ್ಚು ಹೊತ್ತು ಬೇಡ. ಪರೀಕ್ಷೆಗೆ ದೊಡ್ಡ ಯಂತ್ರವೇನೂ ಇರಲಿಲ್ಲ. ಒಳಗೆ ಔಷಧಿ ಹಚ್ಚಿದ ಕಾಗದದ ತುಂಡಿರುವ ಪುಟ್ಟ ಬಾಟಲಿ. ಗುರುತಿನವರೆಗೆ ನೀರು ತುಂಬಿ ಮುಚ್ಚಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕಿದ್ದಲ್ಲಿ ನೀರು ಕಪ್ಪಾಗುತ್ತದೆ. ಎಚ್‌ಟುಎಸ್ ಬಾಟಲಿ ಎನ್ನುತ್ತಾರೆ. ಹೆಸರು ಹೇಳಲು ಬಾರದವರಿಗೂ ಕಪ್ಪು ಬಣ್ಣ ಅರ್ಥವಾಗುತ್ತದೆ.

ಬಾಟಲಿಗಳನ್ನು ನಮ್ಮಲ್ಲೊಬ್ಬಳ ಮನೆಯ ಅಟ್ಟದಲ್ಲಿ ಸಾಲಾಗಿ ಇಟ್ಟೆವು. ಮರುದಿನ ಸಂಜೆಗೆ ಕೆಲವು ಕಪ್ಪಾಗಿದ್ದವು. ಅದರಲ್ಲೊಂದು ಓಣಿಯಲ್ಲಿ ಎಲ್ಲರೂ ಕೊಡಪಾನ ಹಿಡಿದು ಹೋಗುವ ಬಾವಿಯದ್ದು, ಬೇಸಿಗೆಯಲ್ಲೂ ಬತ್ತದ, ಸಿಹಿನೀರಿನದೆಂದು ಹೆಸರಾದ ಬಾವಿ. ನಮ್ಮ ಉಮ್ಮಂದಿರು ಗಾಬರಿಯಾದರು. ನೀರಿನ ಬಗ್ಗೆ ಅಲ್ಲ, ಮಾತಿನ ಬಗ್ಗೆ. ಆ ಮನೆಯಲ್ಲಿ ಮಗಳಿಗೆ ಸಂಬಂಧ ನೋಡುತ್ತಿದ್ದರು. ಬಾವಿ ಕೆಟ್ಟಿದೆ ಎಂಬ ಸುದ್ದಿ ಮನೆ ಕೆಟ್ಟಿದೆ ಎಂದಾಗಲು ಎಷ್ಟು ಹೊತ್ತು? "ಮಾರ್ಕು ಸಿಗುತ್ತದಲ್ಲ, ಬರೆದು ಕೊಟ್ಟು ಸುಮ್ಮನಿರಿ" ಎಂದರು. ಆದರೆ ಅದೇ ನೀರನ್ನು ಆ ಮನೆಯ ಬಾಣಂತಿ ಸೊಸೆ ಕುಡಿಯುತ್ತಿದ್ದಳು, ಮಗುವಿನ ಬಾಟಲಿ ತೊಳೆಯಲೂ ಅದೇ ನೀರು. ಸುಮ್ಮನಿರುವುದು ಹೇಗೆ?

ಹೋದೆವು. ಗಂಡಸರಿಗೆ ಹೇಳದೆ, ಅಡುಗೆಮನೆಯ ಬಾಗಿಲಿನಿಂದ ಹೋಗಿ ಆ ಮನೆಯ ಹಿರಿಯಾಕೆಗೆ ಬಾಟಲಿ ತೋರಿಸಿದೆವು. ನಮ್ಮ ಮನೆಯದ್ದೂ ಕಪ್ಪಾಗಿದೆ ಎಂದು ಇನ್ನೊಂದು ಬಾಟಲಿಯನ್ನೂ ತೋರಿಸಿದೆವು. ಅದು ನಿಜವೂ ಆಗಿತ್ತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಎಂಥ ಮಾಡುವುದು?" ಎಂದರು. ಮೂರು ವರ್ಷಗಳಲ್ಲಿ ನಮ್ಮನ್ನು ಯಾರಾದರೂ ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು.

ಉತ್ತರ ಪುಸ್ತಕದಲ್ಲಿತ್ತು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್. ತಿಳಿನೀರಾದರೆ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, ಅಂದರೆ ಸುಮಾರು 24 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗಿಳಿಸಿ ಕೊಡಪಾನದಿಂದ ಕಲಕಬೇಕು. ಒಂದು ಗಂಟೆಯವರೆಗೆ ಯಾರೂ ನೀರು ಸೇದಬಾರದು. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು. ಇದೆಲ್ಲ ತತ್ಕಾಲಕ್ಕೆ. ಗುಂಡಿ ಅಲ್ಲೇ ಇರುವವರೆಗೆ ಬಾವಿ ಮತ್ತೆ ಕೆಡುತ್ತದೆ. ಅದನ್ನು ಸ್ಥಳಾಂತರಿಸಲು ಐದು ಸೆಂಟ್ಸಿನಲ್ಲಿ ಜಾಗವೆಲ್ಲಿ? ಅದಕ್ಕೆ ಒಳಚರಂಡಿ ಬೇಕು, ಪಂಚಾಯತ್ ಬೇಕು, ದುಡ್ಡು ಬೇಕು. ನಮ್ಮ ಪ್ರಾಜೆಕ್ಟು ವರದಿಯ ಕೊನೆಯ ಪುಟದಲ್ಲಿ ಇದನ್ನೆಲ್ಲ ಬರೆದೆವು. ಯಾರ ಮನೆಯ ಹೆಸರನ್ನೂ ಬರೆಯಲಿಲ್ಲ, ಬಾವಿ ಒಂದು, ಬಾವಿ ಎರಡು ಎಂದಷ್ಟೇ ಹಾಕಿದೆವು.

ಇದೇ ಪ್ರಾಜೆಕ್ಟಿನ ನಡುವೆ ನೀರಿನ ಬಳಕೆಯ ಲೆಕ್ಕವೂ ಬಂತು. ನಲ್ಲಿಯ ಕೆಳಗೆ ಬಕೆಟ್ ಇಟ್ಟು ಒಬ್ಬೊಬ್ಬರಾಗಿ ವುಝೂ ಮಾಡಿ ನೋಡಿದೆವು. ಬಕೆಟ್ ತುಂಬುತ್ತಾ ಬಂತು. ಚೆಂಬಿನಲ್ಲಿ ಮಾಡಿದಾಗ ಒಂದು ಚೆಂಬು ಧಾರಾಳ ಸಾಕಾಯಿತು. ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ, ಇಂದಿನ ಅಳತೆಯಲ್ಲಿ ಒಂದು ಲೀಟರಿನೊಳಗೆ, ವುಝೂ ಮುಗಿಸುತ್ತಿದ್ದರೆಂದು ಮದ್ರಸದಲ್ಲಿ ಕೇಳಿದ್ದೆವು. ಕೇಳಿದ್ದು ಬೇರೆ, ಬಕೆಟ್ ಇಟ್ಟು ನೋಡಿದ್ದು ಬೇರೆ. ಮಸೀದಿಗಳ ನಲ್ಲಿಗಳ ವಿಷಯ ನಾವು ಬರೆಯುವುದಿಲ್ಲ, ಓದುವ ಗಂಡಸರು ತಾವೇ ಒಮ್ಮೆ ಬಕೆಟ್ ಇಟ್ಟು ನೋಡಲಿ.

ಕೊನೆಯ ವರ್ಷ ಶುರುವಾಗುವಾಗ, 2019ರ ಆಗಸ್ಟಿನ ಮಳೆಗೆ, ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮೇಲೆ ಇಳಿಯಿತು. ಮನೆಗಳನ್ನೂ ಅಡಿಕೆ ತೋಟಗಳನ್ನೂ ಕಸ ನುಂಗಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳನ್ನು ಕುಲಶೇಖರದ ವಸತಿ ಸಮುಚ್ಚಯಕ್ಕೆ ಸಾಗಿಸಬೇಕಾಯಿತು. ನಾವು ಹೋದಾಗ ಅಡಿಕೆ ಮರಗಳ ತುದಿ ಮಾತ್ರ ಪ್ಲಾಸ್ಟಿಕ್ಕಿನ ಮೇಲೆ ಕಾಣುತ್ತಿತ್ತು. ವಾಸನೆ ದುಪಟ್ಟಾದಿಂದ ಎರಡು ಒಗೆತಕ್ಕೂ ಹೋಗಲಿಲ್ಲ. ನಗರವೆಲ್ಲ ಬಿಸಾಡಿದ್ದನ್ನು ಬೆಟ್ಟಿನಲ್ಲಿ ರಾಶಿ ಹಾಕಿದರೆ ಅದು ಬೈಲಿಗೆ ಬರುತ್ತದೆ ಎಂದು ನಮ್ಮ ಅಜ್ಜಿ ಹೇಳಬಲ್ಲರು. ಕಸದಿಂದ ಇಳಿದ ಕಪ್ಪು ನೀರಿಗೆ ನಮ್ಮ ಪುಸ್ತಕದಲ್ಲಿ ಒಂದು ಇಂಗ್ಲಿಷ್ ಹೆಸರಿದೆ. ಆ ನೀರು ತೋಡು ಹಿಡಿದು ಫಲ್ಗುಣಿಯ ಕಡೆ ಹೋಗುತ್ತಿತ್ತು. ಸ್ನಾನಕ್ಕೆ ಯೋಗ್ಯವಾದ ಹೊಳೆಯ ಒಂದು ಲೀಟರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು ಎಂಬ ಮಾನದಂಡ ನಮಗೆ ಬಾಯಿಗೆ ಬರುತ್ತಿತ್ತು. ತೋಟ ಕಳೆದುಕೊಂಡವರ ಮುಂದೆ ನಿಂತಾಗ ಅದು ಬಾಯಿಗೆ ಬರಲಿಲ್ಲ.

ಪದವಿಯ ಬಳಿಕ ಒಬ್ಬಳಿಗೆ ಕೆಲಸ ಸಿಕ್ಕಿತು, ಯೋಜನೆಗಳ ಪರಿಸರ ಪರಿಣಾಮ ವರದಿ ತಯಾರಿಸುವ ಕಡೆ. ದೇಶದಲ್ಲಿ ಈ ವರದಿಯ ನಿಯಮ 1994ರಲ್ಲಿ ಬಂತು, 2006ರಲ್ಲಿ ಬದಲಾಯಿತು. ಯಾವ ಯೋಜನೆಯಿಂದ ಏನು ಹಾನಿ ಎಂದು ಬರೆಯುವ ತಜ್ಞರಿಗೆ ಹಣ ಕೊಡುವವರು ಯೋಜನೆಯ ಒಡೆಯರೇ. ಓದುವಾಗ ಇದು ನಮಗೆ ಎರಡು ಅಂಕದ ಪ್ರಶ್ನೆಯೂ ಆಗಿರಲಿಲ್ಲ. ನೂರಾರು ಪುಟದ ವರದಿ ಇಂಗ್ಲಿಷಿನಲ್ಲಿ, ಜನರ ಅಹವಾಲು ಸಭೆಗೆ ಬರುವವರಿಗೆ ಕನ್ನಡದಲ್ಲಿ ಕೆಲವೇ ಪುಟಗಳ ಸಾರಾಂಶ. ಆ ಸಾರಾಂಶವನ್ನು ಕನ್ನಡಕ್ಕೆ ತರುವ ಕೆಲಸ ಅವಳ ಪಾಲಿಗೆ ಬಂತು. 2020ರಲ್ಲಿ ಕೇಂದ್ರ ಸರಕಾರ ಈ ನಿಯಮಕ್ಕೆ ಹೊಸ ಕರಡು ಹೊರಡಿಸಿದಾಗ, ಅದನ್ನು ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಪ್ರಕಟಿಸಿ ಎಂದು ದಿಲ್ಲಿ ಹೈಕೋರ್ಟು ಹೇಳಬೇಕಾಯಿತು. ಆ ಸುದ್ದಿಯನ್ನು ಅವಳು ನಮಗೆ ಓದಿ ಹೇಳಿದ್ದು ನೆನಪಿದೆ. ಈಗಲೂ ಅದೇ ಕೆಲಸದಲ್ಲಿದ್ದಾಳೆ. "ಜನರಿಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ, ಅಷ್ಟಾದರೂ ನನ್ನ ಕೈಯಲ್ಲಿದೆ" ಎನ್ನುತ್ತಾಳೆ. ಅದು ಸಾಕೇ ಎಂಬ ಬಗ್ಗೆ ನಮ್ಮ ನಡುವೆ ಇನ್ನೂ ಜಗಳವಿದೆ.

ಇನ್ನೊಬ್ಬಳು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಮೂರನೆಯವಳಿಗೆ ಎರಡು ಮಕ್ಕಳು, ಮನೆಯಲ್ಲೇ ಇದ್ದಾಳೆ. ಮಳೆಗಾಲದ ಮೊದಲ ವಾರ ಓಣಿಯ ಹೆಂಗಸರು ಅವಳ ಅಡುಗೆಮನೆ ಬಾಗಿಲಿಗೆ ಬರುತ್ತಾರೆ, ಸೆರಗಿನಡಿಯಲ್ಲಿ ನೀರಿನ ಬಾಟಲಿ ಹಿಡಿದುಕೊಂಡು.